ದರೋಡೆಯ ಕಥೆ ನೋಡುವಾಗ ನಿಮ್ಮ ಹೃದಯ ಯಾರ ಕಡೆಗಿರುತ್ತದೆ?

ಓದುಗ ಸಹೋದರ ಸಹೋದರಿಯರೇ, ಒಂದು ಪ್ರಶ್ನೆಯಿಂದ ಈ ಪಾಠವನ್ನು ಆರಂಭಿಸೋಣ. ಟಿ.ವಿ.ಯಲ್ಲಿ ದರೋಡೆಯ ಕಥೆಯೊಂದು ಬರುತ್ತಿದೆ. ಕಳ್ಳರು ಬ್ಯಾಂಕಿನೊಳಗಿದ್ದಾರೆ. ಹೊರಗೆ ಪೊಲೀಸ್ ಜೀಪಿನ ಸದ್ದು ಕೇಳಿಸುತ್ತದೆ. ಆ ಕ್ಷಣದಲ್ಲಿ ನಿಮ್ಮ ಮನಸ್ಸು ಏನನ್ನು ಬಯಸುತ್ತದೆ? ಪ್ರಾಮಾಣಿಕವಾಗಿ ಉತ್ತರಿಸಿದರೆ, ಹೆಚ್ಚಿನವರ ಮನಸ್ಸು 'ಬೇಗ ಹೊರಗೆ ಬನ್ನಿ, ಸಿಕ್ಕಿಬೀಳಬೇಡಿ' ಎಂದು ಕಳ್ಳರಿಗಾಗಿಯೇ ಮಿಡಿಯುತ್ತದೆ. ಹೃದಯದ ಬಯಕೆಯೂ ಒಂದು ಬಗೆಯ ದುಆ ತಾನೇ? ಯಾರದೋ ಜೀವಮಾನದ ಗಳಿಕೆ ಕಳುವಾಗುತ್ತಿರುವಾಗ, ಕದಿಯುವವನು ಗೆಲ್ಲಲಿ ಎಂದು ಒಬ್ಬ ವಿಶ್ವಾಸಿಯ ಹೃದಯ ಹಾರೈಸುವುದಾದರೆ, ಆ ಹೃದಯಕ್ಕೆ ಏನೋ ಆಗಿದೆ ಎಂದೇ ಅರ್ಥ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ನಮ್ಮ ಮನೆಗಳಲ್ಲಿ ಇಶಾ ನಮಾಝ್ ಮುಗಿದು ಊಟಕ್ಕೆ ಕುಳಿತರೆ ಟಿ.ವಿ. ಹಚ್ಚುವುದು ರೂಢಿ. ಸೋನಿ ವಾಹಿನಿಯಲ್ಲಿ 2003ರಲ್ಲಿ ಆರಂಭವಾದ 'ಕ್ರೈಂ ಪೆಟ್ರೋಲ್', 2012ರಲ್ಲಿ ಬಂದ 'ಸಾವಧಾನ್ ಇಂಡಿಯಾ', ಕಲರ್ಸ್ ಕನ್ನಡದ 'ಶಾಂತಂ ಪಾಪಂ' ಮುಂತಾದ ಕಾರ್ಯಕ್ರಮಗಳ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಎಲ್ಲೋ ನಿಜವಾಗಿ ನಡೆದ ಕಳವು, ದರೋಡೆ, ಕೊಲೆಗಳನ್ನು ನಟರಿಂದ ಮತ್ತೆ ಆಡಿಸಿ ತೋರಿಸುವುದು ಇವುಗಳ ರೀತಿ. ಟಿ.ವಿ. ಆರಿದ ಮೇಲೆ ಅದೇ ಕಥೆಗಳ ತುಣುಕುಗಳು ಮೊಬೈಲಿನಲ್ಲಿ ಮುಂದುವರಿಯುತ್ತವೆ. ಟಿ.ವಿ. ಹರಾಮೋ ಹಲಾಲೋ ಎಂಬ ಹಳೆಯ ಚರ್ಚೆಗೆ ಈ ಪಾಠ ಇಳಿಯುವುದಿಲ್ಲ. ಅಪರಾಧದ ಕಥೆಯನ್ನು ಹೇಳುವುದಕ್ಕೂ ಕೇಳುವುದಕ್ಕೂ ಇಸ್ಲಾಮಿನಲ್ಲಿ ಒಂದು ಶಿಷ್ಟಾಚಾರವಿದೆಯೇ? ಇದ್ದರೆ ಅದು ಯಾವುದು? ಇಷ್ಟನ್ನೇ ಇಲ್ಲಿ ವಿಚಾರ ಮಾಡೋಣ.

ಕಥೆಯಿಂದ ಕೃತ್ಯ, ಕೃತ್ಯದಿಂದ ಕಥೆ

'ಅದು ಬರೀ ಕಥೆ, ನೋಡಿದರೆ ಏನಾಗುತ್ತದೆ?' ಎಂದು ಕೇಳುವವರಿದ್ದಾರೆ. ಎರಡು ಘಟನೆಗಳನ್ನು ನೋಡಿ.

2007ರ ಡಿಸೆಂಬರ್ ಕೊನೆಯಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಚೇಲೇಂಬ್ರದಲ್ಲಿ ಸೌತ್ ಮಲಬಾರ್ ಗ್ರಾಮೀಣ ಬ್ಯಾಂಕಿನ ಶಾಖೆಯಿಂದ ಸುಮಾರು 80 ಕಿಲೋ ಚಿನ್ನ ಕಳುವಾಯಿತು. ಹಿಂದಿ ಸಿನಿಮಾ 'ಧೂಮ್' ನೋಡಿ ಈ ಯೋಜನೆ ಹೊಳೆಯಿತೆಂಬುದು ತನಿಖೆಯಲ್ಲಿ ಬಂದ ಮಾತು. ಕೆಲವೇ ವಾರಗಳಲ್ಲಿ ಕಳ್ಳರು ಸಿಕ್ಕರು, ಚಿನ್ನದ ಹೆಚ್ಚಿನ ಭಾಗವೂ ಸಿಕ್ಕಿತು. ವಿಷಯ ಅಲ್ಲಿಗೆ ಮುಗಿಯಲಿಲ್ಲ. ಟಿ.ವಿ. ಅಪರಾಧ ಕಾರ್ಯಕ್ರಮಗಳ ನಿರ್ಮಾಪಕರೊಬ್ಬರು 2021ರಲ್ಲಿ ಆ ದರೋಡೆಯನ್ನೇ ಪುಸ್ತಕವಾಗಿ ಬರೆದರು. ಹೆಸರು 'ಇಂಡಿಯಾಸ್ ಮನಿ ಹೈಸ್ಟ್'. 'ಮನಿ ಹೈಸ್ಟ್' ಎಂಬುದು 2017ರಲ್ಲಿ ಸ್ಪೇನಿನ ಟಿ.ವಿ.ಯಲ್ಲಿ ಮೊದಲು ಬಂದು, ಮುಂದೆ ನೆಟ್‌ಫ್ಲಿಕ್ಸ್ ಮೂಲಕ ಜಗತ್ತನ್ನೆಲ್ಲ ಸುತ್ತಿದ ದರೋಡೆಯ ಧಾರಾವಾಹಿ.

ಇನ್ನೊಂದು ನಮ್ಮ ರಾಜ್ಯದ್ದೇ. 2024ರ ಅಕ್ಟೋಬರ್ ಕೊನೆಯ ವಾರ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17.7 ಕಿಲೋ ಚಿನ್ನ ಕಳುವಾಯಿತು. 2025ರ ಮಾರ್ಚ್ ಕೊನೆಗೆ ಪೊಲೀಸರು ಆರು ಜನರನ್ನು ಬಂಧಿಸಿರುವುದಾಗಿ ತಿಳಿಸಿದರು. ಚಿನ್ನದ ಬಹುಪಾಲು ತಮಿಳುನಾಡಿನ ಒಂದು ಬಾವಿಯಲ್ಲಿ ಸಿಕ್ಕಿತ್ತು. ಪೊಲೀಸರ ಹೇಳಿಕೆಯ ಪ್ರಕಾರ, ಸಾಲದ ಅರ್ಜಿ ತಿರಸ್ಕೃತವಾದ ಕೋಪ ಇದಕ್ಕೆ ಮೂಲ, 'ಮನಿ ಹೈಸ್ಟ್' ಮತ್ತು ಯೂಟ್ಯೂಬ್ ದೃಶ್ಯಗಳು ಇದಕ್ಕೆ ಪಾಠಶಾಲೆ. ತೀರ್ಪು ನೀಡುವುದು ನ್ಯಾಯಾಲಯದ ಕೆಲಸ. ಆದರೆ ಸಿನಿಮಾದಿಂದ ಕಳವು, ಕಳವಿನಿಂದ ಪುಸ್ತಕ, ಕಾಲ್ಪನಿಕ ಧಾರಾವಾಹಿಯಿಂದ ಮತ್ತೆ ನಿಜವಾದ ಕಳವು, ಹೀಗೆ ಗಾಲಿ ತಿರುಗುತ್ತಿರುವುದು ಕಣ್ಣಿಗೆ ಕಾಣುತ್ತದೆ.

ದರೋಡೆಯ ಧಾರಾವಾಹಿ ನೋಡಿದವರೆಲ್ಲ ಕಳ್ಳರಾಗುವುದಿಲ್ಲ, ನಿಜ. ಲಕ್ಷಾಂತರ ಜನ ನೋಡುತ್ತಾರೆ, ಕದಿಯುವವರು ಬೆರಳೆಣಿಕೆಯಷ್ಟು. ಕೋಪವೋ ದುರಾಸೆಯೋ ಮೊದಲೇ ಇರುವ ಎದೆಗೆ ಮಾತ್ರ ಕಥೆ ದಾರಿ ತೋರಿಸುತ್ತದೆ. ಆದರೂ ದಾರಿ ತೋರಿಸಿದವನ ಹೊಣೆ ಸಣ್ಣದಲ್ಲ. ಅನ್ಯಾಯವಾಗಿ ನಡೆಯುವ ಪ್ರತಿಯೊಂದು ಕೊಲೆಯ ಪಾಪದಲ್ಲೂ ಆದಮ್(ಅ)ರ ಆ ಮೊದಲ ಮಗನಿಗೆ ಒಂದು ಪಾಲು ಇದೆ, ಏಕೆಂದರೆ ಕೊಲೆಯ ಪದ್ಧತಿಯನ್ನು ಮೊದಲು ಹಾಕಿಕೊಟ್ಟವನು ಅವನೇ ಎಂಬ ಆಶಯದ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಕೈ ಮಾಡದಿದ್ದರೂ ಕಲಿಸಿಕೊಟ್ಟವನಿಗೆ ಲೆಕ್ಕವಿದೆ ಎಂಬುದು ಇದರ ತಾತ್ಪರ್ಯ.

ಇಲ್ಲಿ ನಮ್ಮ ಮಸ್ಕಿಯ ಬಂಡೆಯ ನೆನಪಾಗುತ್ತದೆ. 1915ರಲ್ಲಿ ಬಂಗಾರದ ನಿಕ್ಷೇಪ ಹುಡುಕುತ್ತ ಬಂದ ಎಂಜಿನಿಯರ್ ಸಿ. ಬೀಡನ್ ಅವರಿಗೆ ಸಿಕ್ಕಿದ್ದು ಬಂಗಾರವಲ್ಲ, ಅಶೋಕನ ಶಾಸನ. ಸಣ್ಣವನಿರಲಿ ದೊಡ್ಡವನಿರಲಿ, ಧರ್ಮದಲ್ಲಿ ನಡೆದವನು ಮೇಲೇರಬಲ್ಲ ಎಂಬುದು ಅದರ ಸಾರ. ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ದೊರೆ, ದಾರಿಹೋಕರ ಕಣ್ಣಿಗೆ ಬೀಳುವ ಬಂಡೆಯ ಮೇಲೆ ಏನನ್ನು ಕೊರೆಸಬೇಕೆಂದು ಯೋಚಿಸಿದ್ದ. ಇಂದು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಬಂಡೆ ಪ್ರತಿ ಮನೆಯ ಗೋಡೆಯ ಮೇಲಿದೆ. ಅದರ ಮೇಲೆ ಏನು ಮೂಡಬೇಕೆಂದು ಯೋಚಿಸುವವರು ಯಾರು?

ಕುರ್‌ಆನ್ ಅಪರಾಧದ ಕಥೆಯನ್ನು ಹೇಗೆ ಹೇಳುತ್ತದೆ?

ಪವಿತ್ರ ಕುರ್‌ಆನ್‌ನಲ್ಲಿ ಅಪರಾಧದ ಕಥೆಗಳಿಲ್ಲವೇ? ಇವೆ. ಕೊಲೆ ಇದೆ, ಅಪಹರಣ ಇದೆ, ಸುಳ್ಳು ಸಾಕ್ಷ್ಯ ಇದೆ, ಕಳವಿನ ಆರೋಪ ಇದೆ. ಆದುದರಿಂದ 'ಅಪರಾಧದ ಮಾತೇ ಎತ್ತಬಾರದು' ಎಂಬುದು ಇಸ್ಲಾಮಿನ ಬೋಧನೆಯಲ್ಲ. ಹೇಗೆ ಎತ್ತಬೇಕು ಎಂಬುದೇ ಪಾಠ.

ಸೂರಃ ಅಲ್ ಮಾಇದಃದ 27ರಿಂದ 31ರವರೆಗಿನ ಸೂಕ್ತಗಳನ್ನು ತೆರೆಯಿರಿ. ಆದಮ್(ಅ)ರ ಇಬ್ಬರು ಮಕ್ಕಳ ವೃತ್ತಾಂತ ಅಲ್ಲಿದೆ. ಒಬ್ಬನ ಬಲಿದಾನ ಸ್ವೀಕೃತವಾಗುತ್ತದೆ, ಇನ್ನೊಬ್ಬನದು ಆಗುವುದಿಲ್ಲ. ಅಸೂಯೆ ಹುಟ್ಟುತ್ತದೆ. ಮನಸ್ಸು ಕೊಲೆಯನ್ನು ಸುಲಭವಾಗಿಸಿ ತೋರಿಸುತ್ತದೆ. ಕೊಂದ ಮೇಲೆ, ಶವವನ್ನು ಏನು ಮಾಡಬೇಕೆಂದು ತೋಚದೆ ನಿಂತವನಿಗೆ ನೆಲ ಕೆದಕುವ ಒಂದು ಕಾಗೆ ಪಾಠ ಕಲಿಸುತ್ತದೆ. ಕೊನೆಗೆ ಪಶ್ಚಾತ್ತಾಪ. ಈಗ ಗಮನಿಸಿ. ಆಯುಧ ಯಾವುದು? ಹೇಳಿಲ್ಲ. ಏಟು ಎಲ್ಲಿಗೆ ಬಿತ್ತು? ಹೇಳಿಲ್ಲ. ಆದರೆ ಕೊಲೆಯಾದವನ ಮಾತುಗಳು ವಿಸ್ತಾರವಾಗಿ ಬಂದಿವೆ. ನೀನು ಕೈ ಎತ್ತಿದರೂ ನಾನು ಎತ್ತುವುದಿಲ್ಲ, ನನಗೆ ಅಲ್ಲಾಹನ ಭಯವಿದೆ ಎಂಬ ಆಶಯದ ಅವನ ಮಾತು ಲೋಕಾಂತ್ಯದವರೆಗೆ ಓದಲ್ಪಡುತ್ತದೆ. ಕೊಂದವನದಾದರೋ ಒಂದು ಬೆದರಿಕೆ, ಒಂದು ಅಳಲು, ಅಷ್ಟೇ.

ಇನ್ನು ಸೂರಃ ಯೂಸುಫ್. ಅಣ್ಣಂದಿರು ಕೂಡಿ ಸಂಚು ಹೂಡುತ್ತಾರೆ. ಅವರ ಸಂಚಿನಲ್ಲಿ ಒಂದು ವಿಚಿತ್ರ ಮಾತು ಇದೆ. ಈ ಕೆಲಸ ಮುಗಿದ ಮೇಲೆ ನಾವು ಒಳ್ಳೆಯವರಾಗಿ ಬದುಕೋಣ ಎಂಬುದು ಅದರ ಭಾವ (12:9). ದರೋಡೆಯ ಕಥೆಗಳಲ್ಲಿ ನೀವು ಎಷ್ಟು ಸಲ ಈ ಮಾತು ಕೇಳಿಲ್ಲ? 'ಇದೊಂದೇ ಸಲ, ಆಮೇಲೆ ನೆಮ್ಮದಿಯ ಬಾಳು.' ತೌಬಾವನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡು ಪಾಪಕ್ಕೆ ಇಳಿಯುವ ಶೈತಾನನ ಈ ಉಪಾಯವನ್ನು ಕುರ್‌ಆನ್ ಅಷ್ಟು ಹಿಂದೆಯೇ ಬಯಲು ಮಾಡಿದೆ. ಆಮೇಲೆ ಬಾವಿಯ ಪ್ರಸಂಗ. ಅಣ್ಣಂದಿರು ಹುಡುಗನನ್ನು ಬಾವಿಗೆ ತಳ್ಳುವಾಗ ನಿರೂಪಣೆ ಅವರ ಜಾಣತನವನ್ನು ಮೆಚ್ಚುತ್ತ ದಡದಲ್ಲಿ ನಿಲ್ಲುವುದಿಲ್ಲ. ಅದು ಬಾವಿಯೊಳಗಿನ ಹುಡುಗನ ಬಳಿಗೆ ಹೋಗುತ್ತದೆ. ಆ ಕತ್ತಲಲ್ಲಿ ಅಲ್ಲಾಹನು ಅವನಿಗೆ ಧೈರ್ಯ ನೀಡಿದ್ದನ್ನು ತಿಳಿಸುತ್ತದೆ (12:15).

ಇದೇ ಅಳತೆಗೋಲು. ಕುರ್‌ಆನ್ ಅಪರಾಧದ ಬೇರನ್ನು ತೋರಿಸುತ್ತದೆ, ಫಲವನ್ನು ತೋರಿಸುತ್ತದೆ, ನೊಂದವನ ಪಕ್ಕದಲ್ಲಿ ನಿಲ್ಲುತ್ತದೆ. ವಿಧಾನವನ್ನು ಮಾತ್ರ ಕಲಿಸುವುದಿಲ್ಲ. ಟಿ.ವಿ.ಯ ದರೋಡೆ ಕಥೆ ಹೆಚ್ಚಾಗಿ ಇದಕ್ಕೆ ತಿರುಗುಮುರುಗು. ಬೇರು ಎರಡು ನಿಮಿಷ, ಫಲ ಎರಡು ನಿಮಿಷ, ನೊಂದವರು ಒಂದು ಅಳುವ ದೃಶ್ಯ. ಉಳಿದ ಹೊತ್ತೆಲ್ಲ ಬೀಗ, ಕ್ಯಾಮೆರಾ, ಗೋಡೆ, ಕತ್ತಲು, ಗಡಿಯಾರ. ಚೇಲೇಂಬ್ರ, ನ್ಯಾಮತಿಗಳ ಕುರಿತು ಬರೆದಾಗ ಕಳ್ಳರು ಹೇಗೆ ಒಳಹೊಕ್ಕರೆಂದು ಇಲ್ಲಿ ಹೇಳಲಿಲ್ಲ. ಅದಿಲ್ಲದೆ ನಿಮಗೆ ವಿಷಯ ತಿಳಿಯದೆ ಹೋಯಿತೇ?

ಕಳೆದುಕೊಂಡವರು ಎಲ್ಲಿ?

ಬ್ಯಾಂಕಿನ ತಿಜೋರಿ ಎಂದರೆ ಯಾರಿಗೂ ಸೇರದ ಹಣ ಎಂಬ ಭಾವನೆಯನ್ನು ಈ ಕಥೆಗಳು ಮೂಡಿಸುತ್ತವೆ. ಅಲ್ಲಿರುವ ಚಿನ್ನ ಯಾರದು? ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಸಿಂಧನೂರು ಸೀಮೆಯ ರೈತ ಭತ್ತ ನಾಟಿಗೆ ಇಳಿಯುತ್ತಾನೆ. ಗೊಬ್ಬರಕ್ಕೆ, ಆಳಿಗೆ ಹಣ ಬೇಕು. ಮನೆಯಾಕೆಯ ಬೋರಮಾಳ, ಝುಮಕಿ ಬ್ಯಾಂಕಿನಲ್ಲಿ ಅಡವು ಬೀಳುತ್ತವೆ. ಬಡ್ಡಿಯ ವ್ಯವಹಾರದ ಕುರಿತು ನಮ್ಮ ನಿಲುವು ಏನೆಂದು ಓದುಗರಿಗೆ ಗೊತ್ತೇ ಇದೆ, ಅದು ಬೇರೆ ಪಾಠದ ವಿಷಯ. ಆದರೆ ಆ ಒಡವೆ ಒಂದು ಕುಟುಂಬದ ಬೆವರು ಎಂಬುದರಲ್ಲಿ ಸಂಶಯವಿಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿ ಗಣಿಯ ಕಾರ್ಮಿಕರನ್ನು ಕೇಳಿ ನೋಡಿ. ಭೂಮಿಯ ಆಳದಿಂದ ಒಂದು ಟನ್ ಅದಿರು ತೆಗೆದು ಪುಡಿಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಅಗೆದವನ ಬೆವರು, ಕೊಂಡವನ ಬೆವರು ಎರಡೂ ಸೇರಿದ ವಸ್ತುವನ್ನು ಪರದೆಯ ಮೇಲಿನ ನಾಯಕ ಒಂದು ಚೀಲಕ್ಕೆ ಸುರಿದುಕೊಂಡಾಗ ನಾವು ಚಪ್ಪಾಳೆ ತಟ್ಟಬೇಕೇ?

ಕೆಲವೊಮ್ಮೆ ಹೋಗುವುದು ಚಿನ್ನ ಮಾತ್ರವಲ್ಲ. 2025ರ ಜನವರಿ 16ರಂದು ಬೀದರ್ ನಗರದಲ್ಲಿ, ಎ.ಟಿ.ಎಂ.ಗೆ ತುಂಬಲು ಹಣ ಒಯ್ಯುತ್ತಿದ್ದ ಸಿಬ್ಬಂದಿಯ ಮೇಲೆ ಹಾಡಹಗಲೇ ಗುಂಡು ಹಾರಿಸಿ ಹಣದ ಪೆಟ್ಟಿಗೆ ದೋಚಲಾಯಿತು. ತಿಂಗಳ ಸಂಬಳಕ್ಕೆ ದುಡಿಯುವ ಒಬ್ಬ ಬಡ ನೌಕರ ಪ್ರಾಣ ಕಳೆದುಕೊಂಡರು. ಈ ಘಟನೆ ನಾಳೆ ಧಾರಾವಾಹಿಯಾದರೆ, ಆ ಮನೆಯ ಹೆಂಗಸರು ಮಕ್ಕಳು ಅದನ್ನು ಹೇಗೆ ನೋಡಬೇಕು? ತಮ್ಮ ಮನೆಯವನು ಬೀಳುವುದನ್ನು ಜಾಹೀರಾತಿನ ನಡುವೆ ಮತ್ತೆ ಮತ್ತೆ ನೋಡಬೇಕೇ? ಪರರ ದುಃಖ ನಮ್ಮ ಮನರಂಜನೆಯಾಗುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು.

ಸಂಶಯದ ಬಿತ್ತನೆ

ಇನ್ನೊಂದು ಹಾನಿ ಕಣ್ಣಿಗೆ ಬೇಗ ಕಾಣದು. ನಿಜ ಘಟನೆ ಎಂದು ಹೇಳಿ ನಟನೆಯನ್ನು ತೋರಿಸಿದಾಗ ಎಲ್ಲಿಯವರೆಗೆ ನಿಜ, ಎಲ್ಲಿಂದ ಕಲ್ಪನೆ ಎಂಬುದು ನೋಡುವವನಿಗೆ ತಿಳಿಯುವುದಿಲ್ಲ. ಹೊಸಕೋಟೆ ಕಡೆಯ ದಂಡುಪಾಳ್ಯದ ಹೆಸರನ್ನು ನೀವು ಕೇಳಿದ್ದೀರಿ. ಒಂದು ತಂಡ ದರೋಡೆ, ಕೊಲೆಗಳನ್ನು ಮಾಡಿತು. 2012ರಲ್ಲಿ ಅದೇ ಹೆಸರಿನಲ್ಲಿ ಸಿನಿಮಾ ಬಂತು. ಇಂದು ರಾಜಕಾರಣಿಗಳು ಸಹ ಒಬ್ಬರನ್ನೊಬ್ಬರು ಬೈಯಲು ಆ ಊರಿನ ಹೆಸರು ಬಳಸುತ್ತಾರೆ. ಆ ಊರಿನಲ್ಲಿ ಹೊಲ ಉಳುವವರು, ಶಾಲೆಗೆ ಹೋಗುವ ಮಕ್ಕಳು ಮಾಡಿದ ತಪ್ಪೇನು? ಅಡ್ಡಹೆಸರಿನಿಂದ ಹಂಗಿಸುವುದನ್ನೂ (49:11), ಹೆಚ್ಚಿನ ಗುಮಾನಿಗಳನ್ನೂ (49:12) ಅಲ್ಲಾಹನು ಬೆನ್ನುಬೆನ್ನಿಗೆ ನಿಷೇಧಿಸಿರುವುದು ಸುಮ್ಮನೆ ಅಲ್ಲ.

2018ರಲ್ಲಿ ಮಕ್ಕಳ ಕಳ್ಳರ ವದಂತಿ ದೇಶವನ್ನೆಲ್ಲ ಹಬ್ಬಿತು. ವಾಟ್ಸಾಪ್‌ನಲ್ಲಿ ಹರಿದಾಡಿದ ಒಂದು ದೃಶ್ಯ ನಿಜವಾದ ಅಪಹರಣವೇ ಆಗಿರಲಿಲ್ಲ. ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ನಟರಿಂದ ಮಾಡಿಸಿದ ಚಿತ್ರದ ತುಣುಕು ಅದು. ಮಗುವನ್ನು ಮರಳಿಸುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಿದ್ದರು. ಅಂಥ ವದಂತಿಗಳ ಬಿಸಿಯಲ್ಲೇ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದಿನಿಂದ ಬಂದವರ ಮೇಲೆ ಗುಂಪು ಎರಗಿ ಒಬ್ಬ ಯುವಕನನ್ನು ಕೊಂದಿತು. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಪ್ರವಾದಿ(ಸ)ರ ಬೋಧನೆಯನ್ನು ಇಮಾಮ್ ಮುಸ್ಲಿಮ್ ದಾಖಲಿಸಿದ್ದಾರೆ. ಇಂದು 'ಹೇಳುವುದು' ಎಂಬುದರಲ್ಲಿ ಬೆರಳಿನಿಂದ ಮುಂದಕ್ಕೆ ಕಳುಹಿಸುವುದೂ ಸೇರಿದೆ.

'ಆದರೆ ಇವುಗಳಿಂದ ಜನ ಎಚ್ಚರವಾಗುತ್ತಾರಲ್ಲ?' ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಬಂಗಾರಕ್ಕೆ ಪಾಲಿಶ್ ಮಾಡಿಕೊಡುತ್ತೇವೆಂದು ಬಾಗಿಲಿಗೆ ಬರುವ ಮೋಸಗಾರರ ಬಗ್ಗೆ, ಫೋನಿನಲ್ಲಿ ಓ.ಟಿ.ಪಿ. ಕೇಳುವವರ ಬಗ್ಗೆ ಒಬ್ಬ ತಾಯಿ ಟಿ.ವಿ. ನೋಡಿ ತಿಳಿದುಕೊಂಡರೆ ಅದು ಒಳಿತೇ. ಆ ಎಚ್ಚರಿಕೆಗೆ ಎರಡು ಮಾತು ಸಾಕು. ಒಂದು ತಾಸಿನ ರೋಮಾಂಚನ ಬೇಕಿಲ್ಲ. ಎಚ್ಚರಿಕೆ ಎಲ್ಲಿ ಮುಗಿಯಿತು, ರುಚಿ ಎಲ್ಲಿ ಶುರುವಾಯಿತು ಎಂಬುದು ನೋಡುವವನ ಹೃದಯಕ್ಕೇ ಗೊತ್ತು.

ತೌಬಾದ ಬಾಗಿಲು ತೆರೆದಿರಲಿ

ಇಸ್ಲಾಮ್ ಕಳ್ಳತನವನ್ನು ಹಗುರವಾಗಿ ಕಂಡಿಲ್ಲ. ಅದರ ಶಿಕ್ಷೆ ಕಠಿಣ. ಆದರೆ ಶಿಕ್ಷೆಯನ್ನು ಹೇಳುವ ಸೂಕ್ತದ (5:38) ಬೆನ್ನಿಗೇ ಪಶ್ಚಾತ್ತಾಪ ಪಟ್ಟು ತಿದ್ದಿಕೊಂಡವನಿಗೆ ಅಲ್ಲಾಹನ ಕ್ಷಮೆಯ ಭರವಸೆ (5:39) ಬಂದಿದೆ. ಬರಗಾಲದ ವರ್ಷ ಹಝ್ರತ್ ಉಮರ್(ರ) ಹಸಿದವರ ಮೇಲೆ ಈ ಶಿಕ್ಷೆಯನ್ನು ಜಾರಿ ಮಾಡಲಿಲ್ಲ. ಶಿಕ್ಷೆ ನ್ಯಾಯಾಂಗದ ಕೆಲಸವೇ ಹೊರತು ಬೀದಿಯ ಗುಂಪಿನದಲ್ಲ.

ಮಖ್ಝೂಮ್ ಕುಲದ ಸ್ತ್ರೀಯ ಪ್ರಸಂಗ ನೆನಪಿಸಿಕೊಳ್ಳಿ. ದೊಡ್ಡ ಮನೆತನದವಳು ಕದ್ದಾಗ ಜನ ಶಿಫಾರಸು ಹಿಡಿದು ಬಂದರು. ತನ್ನ ಮಗಳು ಫಾತಿಮಾ ಕದ್ದಿದ್ದರೂ ಇದೇ ಶಿಕ್ಷೆ ಎಂದು ಪ್ರವಾದಿ(ಸ) ಸ್ಪಷ್ಟಪಡಿಸಿದರು. ಈ ಭಾಗವನ್ನು ನಾವು ಎಲ್ಲ ವೇದಿಕೆಗಳಲ್ಲೂ ಹೇಳುತ್ತೇವೆ. ಮುಂದಿನ ಭಾಗವನ್ನು ಮರೆಯುತ್ತೇವೆ. ಆಕೆ ಒಳ್ಳೆಯ ರೀತಿಯಲ್ಲಿ ತೌಬಾ ಮಾಡಿದಳು, ಮದುವೆಯಾದಳು, ಆಮೇಲೆ ತನ್ನ ಬಳಿಗೆ ಬರುತ್ತಿದ್ದಳು, ಅವಳ ಅಗತ್ಯಗಳನ್ನು ತಾನು ಪ್ರವಾದಿ(ಸ)ರಿಗೆ ತಲುಪಿಸುತ್ತಿದ್ದೆ ಎಂದು ಹಝ್ರತ್ ಆಇಶಾ(ರ) ತಿಳಿಸಿದ್ದಾರೆ (ಬುಖಾರಿ, ಮುಸ್ಲಿಮ್). ಆ ನಿರೂಪಣೆ ಅವಳನ್ನು ಕುಲದ ಹೆಸರಿನಿಂದ ಗುರುತಿಸುತ್ತದೆಯೇ ಹೊರತು ಸ್ವಂತ ಹೆಸರಿನಿಂದಲ್ಲ. ಟಿ.ವಿ.ಯ ಕಥೆ ಕೈಕೋಳದ ದೃಶ್ಯಕ್ಕೆ ಮುಗಿಯುತ್ತದೆ. ಹದೀಸಿನ ಕಥೆ ಆಕೆ ಮತ್ತೆ ಒಂದು ಮನೆಯ ಬಾಗಿಲಿಗೆ ಗೌರವದಿಂದ ಬರುವವರೆಗೆ ಹೋಗುತ್ತದೆ.

ದಾರಿಗಳ್ಳನ ಕಥೆಯೂ ನಮ್ಮಲ್ಲಿದೆ. ಖುರಾಸಾನಿನ ಅಬೀವರ್ದ್ ಮತ್ತು ಸರಖ್ಸ್ ನಡುವಿನ ದಾರಿಯಲ್ಲಿ ಫುಝೈಲ್ ಬಿನ್ ಇಯಾಝ್ ಎಂದರೆ ವರ್ತಕರು ನಡುಗುತ್ತಿದ್ದರಂತೆ. ಒಂದು ರಾತ್ರಿ ಗೋಡೆ ಹತ್ತುವಾಗ, ವಿಶ್ವಾಸಿಗಳ ಹೃದಯಗಳು ಮಣಿಯುವ ಸಮಯ ಇನ್ನೂ ಬಂದಿಲ್ಲವೇ ಎಂಬ ಆಶಯದ ಸೂಕ್ತ (57:16) ಯಾರೋ ಓದುತ್ತಿರುವುದು ಕಿವಿಗೆ ಬಿತ್ತು. 'ಬಂದಿದೆ ಪ್ರಭೂ' ಎಂದು ಅವರು ಹಿಂದಿರುಗಿದರು. ದಾರಿಯಲ್ಲಿ ತಂಗಿದ್ದ ಪ್ರಯಾಣಿಕರು 'ಫುಝೈಲ್ ದಾರಿಯಲ್ಲಿದ್ದಾನೆ, ಈಗ ಹೊರಡುವುದು ಬೇಡ' ಎಂದು ತಮ್ಮಲ್ಲೇ ಮಾತಾಡಿಕೊಳ್ಳುವುದನ್ನು ಕೇಳಿ, ತನ್ನಿಂದ ಜನ ಇಷ್ಟು ಹೆದರಿದ್ದಾರಲ್ಲ ಎಂದು ನೊಂದರು. ಮುಂದೆ ದೊಡ್ಡ ಸಜ್ಜನರಾಗಿ, ಹಿಜರಿ 187ರಲ್ಲಿ ಮಕ್ಕಾದಲ್ಲಿ ಮರಣ ಹೊಂದಿದರು. ಅವರು ಹೇಗೆ ದೋಚುತ್ತಿದ್ದರು ಎಂಬುದು ಈ ಕಥೆಯಲ್ಲಿಲ್ಲ. ಹೇಗೆ ನಿಲ್ಲಿಸಿದರು ಎಂಬುದಿದೆ.

ಕಳ್ಳನ ತೌಬಾಕ್ಕೆ ಒಂದು ಹೆಚ್ಚಿನ ಷರತ್ತು ಇದೆ ಎಂಬುದೂ ನೆನಪಿರಲಿ. ಬರೀ ಕಣ್ಣೀರು ಸಾಲದು, ಕದ್ದದ್ದನ್ನು ಒಡೆಯನಿಗೆ ಮರಳಿಸಬೇಕು. ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಬಂದವನೂ ಪರರ ಸೊತ್ತು ತಿಂದಿದ್ದರೆ ಅಂದು ದಿವಾಳಿಯಾಗುತ್ತಾನೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ (ಮುಸ್ಲಿಮ್).

ಮನೆಯಲ್ಲಿ ಪಾಲಿಸಬಹುದಾದ ನಾಲ್ಕು ಮಾತು

ಒಂದು: ಇಂಥ ಕಥೆ ಎದುರಿಗೆ ಬಂದಾಗ 'ನನ್ನ ಹೃದಯ ಈಗ ಯಾರ ಕಡೆ ಇದೆ?' ಎಂದು ಕೇಳಿಕೊಳ್ಳಿ. ಕಳ್ಳನ ಕಡೆ ವಾಲಿದ್ದರೆ ಎದ್ದುಬಿಡಿ. ಎದ್ದು ಹೋಗಲು ಯಾರ ಫತ್ವಾವೂ ಬೇಕಿಲ್ಲ.

ಎರಡು: ಮಕ್ಕಳು ಆಗಲೇ ನೋಡಿದ್ದರೆ ಬೈದು ಬಾಯಿ ಮುಚ್ಚಿಸಬೇಡಿ. ಅವರೊಡನೆ ಕುಳಿತು ಮಾತಾಡಿ. 'ಆ ಚಿನ್ನ ಯಾರದಿತ್ತು ಬೇಟಾ? ಮರುದಿನ ಬ್ಯಾಂಕಿನ ಮುಂದೆ ಅಳುತ್ತ ನಿಂತವರು ಯಾರು? ಅವನಿಗೆ ಮೊದಲು ಯಾವ ಸಿಟ್ಟು ಬಂದಿತ್ತು, ಆಗಲೇ ಏನು ಮಾಡಬಹುದಿತ್ತು?' ಎಂದು ಕೇಳಿ. ಕಥೆಯಲ್ಲಿ ಬಿಟ್ಟುಹೋದ ಭಾಗವನ್ನು ನೀವು ತುಂಬಿಕೊಡಿ.

ಮೂರು: ಅಪರಾಧದ ದೃಶ್ಯ ಫೋನಿಗೆ ಬಂದರೆ ನಿಮ್ಮಲ್ಲಿಯೇ ನಿಲ್ಲಲಿ. ನಿಜವೆಂದು ಖಚಿತವಿದ್ದು ನೆರೆಹೊರೆಗೆ ಎಚ್ಚರಿಕೆ ಬೇಕಿದ್ದರೆ, ಎರಡು ಸಾಲಿನಲ್ಲಿ ಎಚ್ಚರಿಕೆ ಬರೆಯಿರಿ. ಸಂಶಯ ಬಂದವರನ್ನು ತಡೆಯುವುದು ಪೊಲೀಸರ ಕೆಲಸ, ಅವರಿಗೆ ತಿಳಿಸಿ.

ನಾಲ್ಕು: ವಾರಕ್ಕೊಂದು ರಾತ್ರಿ ಟಿ.ವಿ. ಆರಿಸಿ ಸೂರಃ ಯೂಸುಫನ್ನು ಕನ್ನಡ ಅನುವಾದದೊಂದಿಗೆ ಎಲ್ಲರೂ ಕೂಡಿ ಓದಿ. ಸಂಚು, ಸುಳ್ಳು, ಸೆರೆಮನೆ, ಕಳವಿನ ಆರೋಪ, ಕೊನೆಗೆ ಕ್ಷಮೆ, ಎಲ್ಲವೂ ಅದರಲ್ಲಿದೆ. ಮಕ್ಕಳು ಮುಂದೇನಾಯಿತು ಎಂದು ಖಂಡಿತ ಕೇಳುತ್ತಾರೆ.

ಓದುಗರೇ, ಕಿವಿ, ಕಣ್ಣು, ಹೃದಯ ಮೂರರ ಕುರಿತೂ ವಿಚಾರಣೆ ಇದೆ ಎಂದು ಸೂರಃ ಬನೀ ಇಸ್ರಾಈಲ್‌ನ 36ನೇ ಸೂಕ್ತ ತಿಳಿಸುತ್ತದೆ. ಕಣ್ಣು ಏನು ನೋಡಿತು ಎಂಬುದರೊಂದಿಗೆ ಹೃದಯ ಯಾರ ಗೆಲುವನ್ನು ಬಯಸಿತು ಎಂಬುದಕ್ಕೂ ಅಂದು ಉತ್ತರ ಕೊಡಬೇಕು. ನೊಂದವರ ಪಕ್ಕದಲ್ಲಿ ನಿಲ್ಲುವ ಹೃದಯವನ್ನೂ, ಪರರ ಸೊತ್ತಿನ ಕಡೆಗೆ ಚಾಚದ ಕೈಯನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.